ಉಣ್ಣೆ ಸುತ್ತಿದ ಅರ್ಧ ಬೀಡಿ

ಕುರಿಯ ಬಾಯಿ ತೆರೆದು ಹಲ್ಲು ನೋಡದೆ ಬೆಲೆ ಹೇಳಿದವಳಲ್ಲ ನಾನು. ಗಾಳಿ, ದೆವ್ವ ಎನ್ನುವವರನ್ನು ಕಂಡರೆ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ.

ಚಳ್ಳಕೆರೆಯಲ್ಲಿ ಕುರಿ ವ್ಯಾಪಾರಕ್ಕಿಳಿಯುವ ಮೊದಲು ನಾನು ಉಳ್ಳಾರ್ತಿ ಕಾವಲಿನ ಹುಲ್ಲು ಬಯಲಲ್ಲಿ ಕುರಿ ಕಾಯುತ್ತಿದ್ದೆ. ಹಿಂಡಿನ ಜೊತೆಗಿದ್ದ ನಾವು ಮೂವರು ಹೆಂಗಸರೂ ಬೀಡಿ ಸೇದುತ್ತಿದ್ದೆವು. ಅರ್ಧ ಸೇದಿ ಆರಿಸಿದ್ದನ್ನು ಒಂದೇ ಡಬ್ಬಿಯಲ್ಲಿ ಇಡುತ್ತಿದ್ದೆವು. ಯಾವುದು ಯಾರದೆಂದು ತಿಳಿಯಲು ಒಬ್ಬೊಬ್ಬರೂ ಒಂದೊಂದು ಬಗೆಯ ಉಣ್ಣೆ ಎಳೆ ಸುತ್ತುತ್ತಿದ್ದೆವು. ನನ್ನದು ಕರಿ, ಬಿಳಿ ಸೇರಿಸಿ ಹೊಸೆದ ಎಳೆ. ಮಗಳು ಚಂದ್ರಿ ಹೊಟ್ಟೆಯಲ್ಲಿದ್ದಾಗಲೂ ಬಿಡಲಿಲ್ಲ. ವಾಕರಿಕೆ ತಡೆಯುತ್ತದೆಂದು ಇನ್ನೆರಡು ಹೆಚ್ಚೇ ಸೇದಿದೆ. ಅವಳು ಹುಟ್ಟಿದ ಮೇಲೆ ಹಿಂಡನ್ನೂ ಬೀಡಿಯನ್ನೂ ಬಿಟ್ಟೆ.

ಚಂದ್ರಿ ಎಂಟು ವರ್ಷದವಳಾದರೂ ಒಂದು ಮುದ್ದೆ ಉಣ್ಣುವಷ್ಟು ಹೊತ್ತು ಕೂತವಳಲ್ಲ. ಹೇಳಿದ್ದು ಅರ್ಧ ಕೇಳಿ ಓಡುತ್ತಿದ್ದಳು. ಶಾಲೆಯಲ್ಲಿ ಬೈಗುಳ, ಮನೆಯಲ್ಲಿ ನನ್ನ ಕೈಯ ಪೆಟ್ಟು. ಕೊನೆಗೆ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. "ಬಸುರಿ ಇದ್ದಾಗ ಬೀಡಿ, ತಂಬಾಕು ಏನಾದ್ರೂ?" ಎಂದರು. ಸಂತೆಯಲ್ಲಿ ಕುರಿಯ ಐಬು ಮುಚ್ಚಿ ಪಳಗಿದ ನಾಲಿಗೆ ತಾನಾಗಿ ಆಡಿತು: "ಒಂದೂ ಇಲ್ರೀ."

ಆ ವಾರವೇ ಟಗರು ನೋಡಲು ಕಾವಲಿನ ಅಂಚಿಗೆ ಹೋದೆ. ಚಂದ್ರಿಯೂ ಬಂದಿದ್ದಳು. ನಾನು ಬೆಲೆ ಎಳೆದಾಡುತ್ತಿದ್ದಾಗ ಕಾಣೆಯಾದಳು. "ಮಗಳ ಕೊರಳಿಗೂ ಒಂದು ಗಂಟೆ ಕಟ್ಟಕ್ಕಾ," ಎಂದು ಕುರಿಯವನು ನಕ್ಕ. ಮಧ್ಯಾಹ್ನದ ಬಿಸಿಲಲ್ಲಿ ಹುಡುಕುತ್ತಾ ಹೋದರೆ, ದೂರದ ಜಾಲಿ ಮರದಡಿ ಚಕ್ಕಳಮಕ್ಕಳ ಹಾಕಿ, ಕದಲದೆ ಕೂತಿದ್ದಳು. ಹೊಡೆಯಲು ಕೈ ಎತ್ತಿದೆ. ಅವಳು ಮುಷ್ಟಿ ಬಿಚ್ಚಿದಳು. ಒಳಗೆ ಅರ್ಧ ಬೀಡಿ, ಅದಕ್ಕೆ ಕರಿ ಬಿಳಿ ಎಳೆ. ತುದಿ ಇನ್ನೂ ಬೆಚ್ಚಗಿತ್ತು.

"ಯಾರು ಕೊಟ್ರೇ?"

"ಒಬ್ಬ ಅಕ್ಕ. ಹೊಟ್ಟೆ ದಪ್ಪ ಐತೆ. ಇದು ನಿಮ್ಮವ್ವಂದು, ಅವಳ ಕೈಗೇ ಕೊಡು ಅಂದ್ಲು."

ಮಲಗಿದ ಕುರಿಯೂ ಕಾಣುವಂಥ ಬಯಲು ಅದು. ಯಾರೂ ಇರಲಿಲ್ಲ. ಆ ಎಳೆಯ ವಿಷಯ ಚಂದ್ರಿಗೆ ನಾನು ಹೇಳಿದವಳೇ ಅಲ್ಲ. ಹಿಂಡಿನ ಜೊತೆಗಿದ್ದ ಆ ಇಬ್ಬರು ಹೆಂಗಸರೂ ಮೊಳಕಾಲ್ಮೂರು ಕಡೆ ಹೋಗಿ ವರ್ಷಗಳಾಗಿದ್ದವು.

ಮರುದಿನ ಡಾಕ್ಟರಮ್ಮನಿಗೆ ಇದ್ದದ್ದು ಹೇಳಿದೆ: ದಿನಕ್ಕೆ ಎಂಟು, ಹತ್ತು. ಅವರು ಬೈಯಲಿಲ್ಲ. "ಅದೊಂದರಿಂದ್ಲೇ ಹಿಂಗಾಯ್ತು ಅಂತ ಹೇಳಕ್ಕಾಗಲ್ಲಮ್ಮ. ಹೊಗೆ ಕುಡಿದ ತಾಯಂದಿರ ಮಕ್ಕಳಲ್ಲಿ ಇದನ್ನ ಹೆಚ್ಚು ಕಾಣ್ತೀವಿ, ಅಷ್ಟೇ. ಆದ್ರೆ ಇದು ಅವಳ ಹಠ ಅಲ್ಲ, ಅದನ್ನ ತಿಳ್ಕೊ," ಎಂದರು. ಅಂದಿನಿಂದ ನಾನು ಕೈ ಎತ್ತಿಲ್ಲ. ಬಸುರಿ ಹೆಂಗಸರಿಗೆ ನನ್ನದೊಂದು ಮಾತು: ಬೀಡಿ ಇಂದೇ ಬಿಡಿ, ಸೇದುವ ಗಂಡನನ್ನು ಮನೆಯಾಚೆ ಕಳಿಸಿ. ಸೇದಿದ್ದರೆ ಡಾಕ್ಟರ ಮುಂದೆ ಚೌಕಾಸಿ ಬೇಡ.

ಆ ಬೀಡಿ ಇಂದಿಗೂ ನನ್ನ ಡಬ್ಬಿಯಲ್ಲಿದೆ. ಚಂದ್ರಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಮರದಡಿ ಕೂತಿದ್ದು ನೆನಪೈತಾ ಎಂದು ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ.

"ನಾನಾ? ಸುಮ್ನೆ ಕುಂತಿದ್ನಾ? ಬ್ಯಾರೆ ಯಾರನ್ನೋ ನೋಡಿದ್ದೀಯ ಬಿಡವ್ವಾ," ಎನ್ನುತ್ತಾಳೆ, ಮಾತು ಮುಗಿಯುವ ಮೊದಲೇ ಹೊಸಿಲು ದಾಟಿರುತ್ತಾಳೆ.