ರಸ್ತೆಯ ಅಂಚು ಬಿಟ್ಟುಕೊಡದ ಅಕ್ಕೋರು

ಅಕ್ಕೋರ ಬಲಗೈಯ ತೋರುಬೆರಳು ಸಂಧಿವಾತದಿಂದ ಪಕ್ಕಕ್ಕೆ ಬಾಗಿತ್ತು. ಕಂಪ್ಯೂಟರಿನ ಮೌಸನ್ನು ನಡುಬೆರಳಿನಿಂದ ಒತ್ತುತ್ತಿದ್ದರು, ಪ್ರತಿ ಸಲವೂ ಅದನ್ನು ಗದರಿಸಿದಂತೆ.

ಬೀದರ ಕಡೆಯವರು. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿ ನಮ್ಮ ಮೇಲಿನ ಮನೆಯಲ್ಲಿದ್ದರು. ಯಾರು ಬೇಕಾದರೂ ಕೈಜೋಡಿಸಿ ಬರೆಯಬಹುದಾದ ಅಂತರ್ಜಾಲದ ನಕ್ಷೆಗೆ ತಾವೂ ಸೇರಿ, ನನ್ನನ್ನೂ ಎಳೆದುಕೊಂಡರು. ಸಿಲ್ಲೋಡ್ ರಸ್ತೆಯ ಪಕ್ಕದ ಹತ್ತಿ ಹೊಲಗಳನ್ನು ಉಪಗ್ರಹದ ಚಿತ್ರ ನೋಡುತ್ತ ಬೇಲಿಯವರೆಗೆ ಮಾತ್ರ ಬರೆಯುತ್ತಿದ್ದರು. ನಕ್ಷೆಯ ಗುಂಪಿಗೆ ಹಿರಿಯರಂತಿದ್ದ ನಾಶಿಕದವರೊಬ್ಬರು ಆ ಹೊಲಗಳನ್ನು ಎಳೆದು ರಸ್ತೆಯ ನಡುಗೆರೆಗೆ ಅಂಟಿಸಿಬಿಡುತ್ತಿದ್ದರು. ಹಾಗೆ ಮಾಡಿದರೆ ಕೆಲಸ ಬೇಗ, ನಕ್ಷೆಯೂ ಚೊಕ್ಕ; ರಸ್ತೆಯ ಅಂಚಿನ ಜಾಗ ಮಾತ್ರ ಮಾಯ. ಅಕ್ಕೋರು ಅವನ್ನು ನಡುಗೆರೆಯಿಂದ ಮತ್ತೆ ಬಿಡಿಸುತ್ತಿದ್ದರು.

"ಬಿಡ್ರಿ ಅಕ್ಕೋರೆ, ಅಷ್ಟು ಸಣ್ಣ ಜಾಗಾ ಯಾರಿಗೆ ಕಾಣ್ತದ?" ಎಂದೆ ಒಮ್ಮೆ.

"ಹೊಲಕ್ಕೂ ರಸ್ತಾಕ್ಕೂ ನಡುವಿನ ಆ ಸಣ್ಣ ಜಾಗದಾಗ ಕೂತು ನಮ್ಮವ್ವ ಕಾಯಿಪಲ್ಲೆ ಮಾರಿ ನನ್ನ ಓದಿಸ್ಯಾಳ. ಅದನ್ನ ಅಳಿಸ್ಲಿಕ್ಕ ನಾ ಬಿಡಂಗಿಲ್ಲ."

ನಾಶಿಕದ ಹೊರವಲಯದಲ್ಲಿ ಗುಂಪಿನ ಸಭೆ ಸೇರಿದಾಗ ಇಬ್ಬರೂ ಬಸ್ಸು ಹತ್ತಿದೆವು. ಹಿರಿಯರು ಮರಾಠಿಯಲ್ಲಿ ಮೆತ್ತಗೆ, "ಬಾಯಿ, ಎಲ್ಲರೂ ಒಪ್ಪಿದ ಹಾಗೆ ನಡೆಯೋಣ" ಎಂದರು. ಅಲ್ಲಿ ಅಕ್ಕೋರಿಗೆ 'ಬಾಯಿ' ಅನ್ನುತ್ತಾರೆ. ಅಕ್ಕೋರು ಅವರ ಮೊಬೈಲಿನಲ್ಲೇ ಹೊರಗಿನ ರಸ್ತೆಯ ನಕ್ಷೆಯನ್ನು ತೆಗೆಸಿ ನೋಡಿದರು. ಎದುರಿನ ದ್ರಾಕ್ಷಿ ತೋಟದ ಬಣ್ಣ ನಡುಗೆರೆಯವರೆಗೂ ಬಂದಿತ್ತು. ಅಕ್ಕೋರು ಕೊಡೆ ಬಿಚ್ಚಿಕೊಂಡು ಹೊರನಡೆದು ರಸ್ತೆಯ ನಟ್ಟನಡುವೆ ನಿಂತರು. ಲಾರಿಯೊಂದು ಹಾರ್ನ್ ಹೊಡೆಯುತ್ತ ಅವರ ಮುಂದೆ ನಿಂತಿತು.

"ಬಾಯಿ, ಈ ಕಡೆ ಬನ್ನಿ!" ಹಿರಿಯರು ಕೂಗಿದರು.

ಸಿಟ್ಟಿಗೆ ಅಕ್ಕೋರ ಬಾಯಲ್ಲಿ ಕನ್ನಡವೇ ಬಂತು. "ಯಾಕ್ರೀ? ನಾ ನಿಮ್ಮ ದ್ರಾಕ್ಷಿ ತೋಟದಾಗ ನಿಂತೀನಿ!"

ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ನೆರೆದವರು ನಕ್ಕರು. ಹಿರಿಯರು ನಗಲಿಲ್ಲ, ಒಪ್ಪಲೂ ಇಲ್ಲ.

ಮರಳುವಾಗ ಬಸ್ಸಿನಲ್ಲಿ ಅಕ್ಕೋರ ಕೈ ಹಿಡಿದುಕೊಂಡೆ. "ಅಂಜಿಕಿ ಬಂತೇನ್ರೀ?"

"ಬರದ ಇರ್ತದೇನವಾ? ಲಾರಿ ಅದು!"

ಕಳೆದ ವರ್ಷ ಅಕ್ಕೋರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಸಿಲ್ಲೋಡ್ ರಸ್ತೆಯ ಹೊಲಗಳು ಮತ್ತೆ ನಡುಗೆರೆಗೆ ಅಂಟಿಕೊಂಡಿದ್ದವು. ಒಂದೊಂದಾಗಿ ಬಿಡಿಸುತ್ತ ಕೂತೆ. "ನಿಮ್ಮ ಬಾಯಿ ಹೋದರಲ್ಲ, ಇನ್ನಾದರೂ ಸಾಕು ಮಾಡಿ" ಎಂದು ಹಿರಿಯರು ಬರೆದರು.

ನಾನು ಪೈಠಣ ರಸ್ತೆಯ ಹೊಲಗಳನ್ನೂ ಬಿಡಿಸಲು ಶುರು ಮಾಡಿದೆ.