ಬಲ್ಬಿಗೆ ಕಟ್ಟಿದ ಡಬ್ಬಿ

ಬಾಜು ಮನೆಯ ಕಾಕಾ ಹೋದ ವಾರ ತೀರಿಕೊಂಡರು. ತಿರ್ಲಾಪುರದಲ್ಲಿ ಬೇಸಿಗೆಗೆ ನಾವೆಲ್ಲ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವರು ತಮ್ಮ ಅಂಗಳಕ್ಕೆ ದೊಡ್ಡ ಬಲ್ಬು ಹಾಕಿಸಿದರು. ಅದರ ಬೆಳಕು ನೇರ ನಮ್ಮ ಮಾಳಿಗೆಗೆ ಬೀಳುತ್ತಿತ್ತು. ಕಾಯಿಲೆ ಬಿದ್ದಿದ್ದ ಅವ್ವ ಮುಖದ ಮೇಲೆ ಸೆರಗು ಎಳೆದುಕೊಂಡು ಹೊರಳಾಡಿದಳು, ನಿದ್ದೆ ಹತ್ತಲಿಲ್ಲ. ಹೇಳಲು ನಮಗೆ ಸಂಕೋಚ.

ಕಾಕಾ ತಾವೇ ಅದನ್ನು ನೋಡಿದರು. ಮರುದಿನ ಎಣ್ಣೆ ಡಬ್ಬಿಯೊಂದನ್ನು ಕತ್ತರಿಸಿ, ಏಣಿ ಹತ್ತಿ, ಬಲ್ಬಿನ ಮೇಲೆ ಮರೆಯಾಗಿ ಕಟ್ಟಿದರು.

“ಬಲ್ಬಿಗೂ ಟೊಪ್ಪಿಗಿ ಹಾಕಿದ್ರೇನ್ರಿ? ಥಂಡಿ ಆಗೇತೇನು ಅದಕ್ಕ?” ಎಂದು ಅವರ ಹೆಂಡತಿ ಕಾಕು ನಕ್ಕರು.

“ನಮಗೆಷ್ಟ ಬೇಕೋ ಅಷ್ಟ ಸಾಕಬೇ.” ಊಟಕ್ಕೆ ಕೂತಾಗಲೂ ಕಾಕಾರದು ಅದೇ ಮಾತು.

ಕತ್ತಲಾದ ಮೇಲೆ ಬಲ್ಬು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಕೆಳಗಿನಿಂದ ನನ್ನನ್ನು ಕೇಳಿದರು: “ಅಕ್ಕಾಗ ಈಗ ಹೆಂಗೈತೋ?”

ಅವರು ಅಕ್ಕಾ ಎನ್ನುತ್ತಿದ್ದ ಅವ್ವನಿಗೆ ನಿದ್ದೆ ಹತ್ತಿತ್ತು. ನಾನು ಮಾಳಿಗೆಯ ಅಂಚಿನಿಂದ ಬಗ್ಗಿ ತುಟಿಗೆ ಬೆರಳಿಟ್ಟು ತೋರಿಸಿದೆ. ಕಾಕಾ ಚಪ್ಪಲಿ ಕೈಗೆ ತೆಗೆದುಕೊಂಡು, ಏಣಿಯನ್ನು ನೆಲಕ್ಕೆ ತಾಗಿಸದೆ ಹೊತ್ತು ಒಳಗೆ ಹೋದರು.