ನೀ ಎಳೆದ ಕೆಂಪು ಹಗ್ಗ

ಮೌಲಾಲಿ, ಅವತ್ತು ನೀ ಹಗ್ಗ ಎಳೆದಿದ್ದಿ. ಮಷೀನ್ ನಿಲ್ಲಲಿಲ್ಲ. ನಿಲ್ಲದಂತೆ ಮಾಡಿದವನು ನಾನು — ಎಲ್ಲರ ಮುಂದೆ ನಿನ್ನನ್ನು ಸುಳ್ಳ ಮಾಡಿದವನೂ ನಾನೇ.

ಇದನ್ನು ಬಾಯಿಂದ ಹೇಳಲು ನಿನ್ನ ಮನೆಗೆ ಎರಡು ಸಲ ಬಂದೆ. ಎರಡೂ ಸಲ ಚಹಾ ಕುಡಿದು ಎದ್ದು ಹೋದೆ. ಅದಕ್ಕೇ ಬರೆಯುತ್ತಿದ್ದೇನೆ. ಗುಂಡಗುರ್ತಿಯಲ್ಲಿ ಆರನೇ ಇಯತ್ತೆಗೇ ಸಾಲಿ ಬಿಟ್ಟವನ ಬರವಣಿಗೆ, ಅಕ್ಷರ ತಪ್ಪಿದ್ದರೆ ಸಂಭಾಳಿಸಿಕೊ.

ಶಹಾಬಾದಿನ ಆ ಕಾರ್ಖಾನೆಯಲ್ಲಿ ನೀನು ಫರಶಿ ಕಲ್ಲು ಕೊಯ್ಯುವವನು, ನಾನು ಮಷೀನ್ ರಿಪೇರಿಯವನು. ಹೊಸ ಮಷೀನ್ ಬಂದಾಗ ಹೈದರಾಬಾದಿನ ಇಂಜಿನಿಯರ್ ಅದರ ಕಂಟ್ರೋಲ್ ಪೆಟ್ಟಿಗೆ ತೆರೆದು ನನಗೆ ತೋರಿಸಿದ್ದ. ಒಳಗೆ ಎರಡು ಚಿಪ್. ಒಂದು ಹೋಸ್ಟ್, ಆಳುಗಳ ಮೇಲಿನ ಮುಕಾದಮ ಇದ್ದಂತೆ — ಬಟನ್, ಪರದೆ, ಅಪಾಯವಾದರೆ ಎಳೆಯಲು ನಿನ್ನ ಕೈಯ ಹತ್ತಿರ ಬಿಟ್ಟ ಕೆಂಪು ಹಗ್ಗ, ಎಲ್ಲ ಅದರ ಕಡೆಗೆ. ಇನ್ನೊಂದು ಡಿಎಸ್‌ಪಿ. ಬ್ಲೇಡಿನ ಮೋಟರಿನ ಲೆಕ್ಕ ಮಾಡುತ್ತ, ತಲೆ ಎತ್ತದೆ ದುಡಿಯುವಂಥದ್ದು. ಹಗ್ಗ ಎಳೆದರೆ ಹೋಸ್ಟು ಡಿಎಸ್‌ಪಿಯೊಳಗೆ ಒಂದು ಗುರುತು ಬರೆಯುತ್ತದೆ. ಅದಕ್ಕೆ ಇಂಟರಪ್ಟ್ ಅನ್ನುತ್ತಾರೆ. ಗುರುತು ಬಿದ್ದ ಕೂಡಲೇ ಡಿಎಸ್‌ಪಿ ಕೈಯಲ್ಲಿದ್ದ ಲೆಕ್ಕ ಅಲ್ಲೇ ಬಿಟ್ಟು ಮೊದಲು ಮೋಟರ್ ನಿಲ್ಲಿಸಬೇಕು. ಆ ಕರೆಯನ್ನು ಕಿವಿಗೆ ಹಾಕಿಕೊಳ್ಳಬೇಡ ಎನ್ನುವ ಸೆಟ್ಟಿಂಗೂ ಒಂದಿತ್ತು. ಅದನ್ನು ಮುಟ್ಟಬೇಡ ಎಂದು ಇಂಜಿನಿಯರ್ ಎರಡು ಸಲ ಹೇಳಿ ಹೋಗಿದ್ದ.

ಮುಟ್ಟಿದೆ.

ಕಲ್ಲಿನ ಕೆಸರು ಹಗ್ಗದ ಸ್ವಿಚ್ಚಿಗೆ ಹೊಕ್ಕು, ಯಾರೂ ಎಳೆಯದಿದ್ದರೂ ಮಷೀನ್ ನಡುನಡುವೆ ನಿಲ್ಲುತ್ತಿತ್ತು. ಫರಶಿ ಒಡೆಯುತ್ತಿದ್ದವು. ಇಂಜಿನಿಯರನನ್ನೇ ಕರೆಸೋಣ ಎಂದರು ಮಾಲಕರು. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಶಹಾಬಾದಿನಿಂದ ವಾಡಿಯ ತನಕ ಉಸ್ತಾದ್ ಅನ್ನಿಸಿಕೊಂಡವನು ನಾನು... ಸೆಟ್ಟಿಂಗ್ ಬದಲಿಸಿದೆ. ಖಾಲಿ ಮಷೀನ್ ತಿರುಗಿಸಿ ಹಗ್ಗ ಎಳೆದು ನೋಡಿದೆ. ನಿಂತಿತು. ನಿಂತಿತಲ್ಲ, ಸಾಕು ಅಂದುಕೊಂಡೆ.

ಖಾಲಿ ತಿರುಗುವಾಗ ಡಿಎಸ್‌ಪಿಗೆ ಬಿಡುವಿರುತ್ತದೆ, ತಾನೇ ಆಗಾಗ ಆ ಗುರುತು ನೋಡಿಕೊಳ್ಳುತ್ತದೆ. ಕಲ್ಲು ಕೊಯ್ಯುವಾಗ ಬಿಡುವಿಲ್ಲ — ಆ ಕೊಯ್ತ ಮುಗಿದ ಮೇಲೇ ನೋಡುವುದು. ಇದು ನನಗೆ ತಿಳಿದದ್ದು ಬ್ಲೇಡಿಗೆ ಸಿಕ್ಕಿ ನಿನ್ನ ಬಲಗೈಯ ಮೂರು ಬೆರಳು ಹೋದ ಮೇಲೆ.

ನಿನ್ನನ್ನು ದವಾಖಾನೆಗೆ ಒಯ್ದರು. ಎಲ್ಲರೂ ನಿನ್ನ ಹಿಂದೆ ಓಡಿದರು, ನಾನು ಪೆಟ್ಟಿಗೆಯ ಕಡೆ ಹೋದೆ. ಸೆಟ್ಟಿಂಗ್ ಮೊದಲಿನಂತೆ ಮಾಡಿಟ್ಟೆ. ಮುಚ್ಚಳ ಬಿಗಿದು ಕೈ ಒರೆಸಿಕೊಂಡೆ, ಮೌಲಾಲಿ. ಅದೇ ನನಗೆ ಇವತ್ತಿಗೂ —

ನಾಲ್ಕು ದಿನ ಬಿಟ್ಟು, ಪಟ್ಟಿ ಕಟ್ಟಿದ ಕೈಯಲ್ಲಿ ನೀ ಬಂದು ನಿಂತಿದ್ದಿ. ನಿನ್ನೆದುರೇ ಕಲ್ಲು ಹಾಕಿ, ಕೊಯ್ಯುವಾಗ ಹಗ್ಗ ಎಳೆದು ನೋಡಿದರು. ಥಟ್ಟನೆ ನಿಂತಿತು. ಮಾಲಕರು ನನ್ನ ಕಡೆ ತಿರುಗಿದರು.

"ಏನ್ ಉಸ್ತಾದ್, ಇವ ಹಗ್ಗ ಎಳದೀನಿ ಅಂತಾನಲ್ಲ?"

"ಎಳದಿದ್ರ ನಿಂದರತಿತ್ರಿ."

ಇಷ್ಟೇ ಅಂದೆ. ಹಗ್ಗದ ಕಡೆಗಲ್ಲ, ಬೀಡಿ ಹುಡುಕಲಿಕ್ಕೆ ಹೋಗಿರಬೇಕು ಕೈ ಎಂದು ಹಿಂದಿನಿಂದ ಯಾರೋ ಅಂದ, ಎಲ್ಲರೂ ನಕ್ಕರು. ನೀ ನನ್ನನ್ನೇ ನೋಡುತ್ತಿದ್ದಿ. ನಿನ್ನದೇ ತಪ್ಪು ಎಂದು ಬರೆದು ಕೆಲಸದಿಂದ ತೆಗೆದರು.

ಎಷ್ಟೋ ವರ್ಷದ ಮೇಲೆ, ಹೋದ ತಿಂಗಳು ಎರಡನೇ ಸಲ ಹೇಳಲೆಂದೇ ಬಂದಿದ್ದೆ. ಎಡಗೈಯಲ್ಲಿ ಕಪ್ಪುಬಶಿ ಹಿಡಿದು ಚಹಾ ಕೊಟ್ಟಿ. ನಾ ಬಾಯಿ ತೆಗೆಯುವ ಮೊದಲೇ ನೀನೇ ಅಂದಿ:

"ಭಾಳ ವರ್ಷ ವಾದ ಮಾಡ್ದೆ ಉಸ್ತಾದ್, ಎಳದೀನಿ ಎಳದೀನಿ ಅಂತ. ಈಗ ಅನಸ್ಲಿಕತ್ತದ, ನಾ ಎಳದೇ ಇಲ್ಲೇನೋ. ನೀವು ಸುಳ್ಳ ಹೇಳೋರಲ್ರಿ."

ಬಶಿಯೊಳಗಿನ ಚಹಾ ಕುಡಿದೆ. ಎದ್ದು ಬಂದೆ.

ಬೆರಳಷ್ಟೇ ಹೋಗಿದ್ದವು ಅಂದುಕೊಂಡಿದ್ದೆ. ನಿನ್ನ ಕೈ ಮಾಡಿದ್ದನ್ನು ನೀನೇ ನಂಬದಂತೆ... ಆ ಮಷೀನ್ ಗುಜರಿಗೆ ಹೋಯಿತು. ಸೆಟ್ಟಿಂಗ್ ಬದಲಿಸಿದ ಗುರುತು ಎಲ್ಲಿಯೂ ಇಲ್ಲ. ಸಾಕ್ಷಿ ಅಂತ ಉಳಿದವನು ನಾನೊಬ್ಬನೇ, ನನ್ನ ಮಾತಿನಿಂದ ನಿನ್ನ ಒಂದು ಉಗುರೂ ಬರುವುದಿಲ್ಲ.

ನಾಳೆ ಮುಂಜಾನೆ ಈ ಕಾಗದ ಹಿಡಿದು ಮತ್ತೆ ಬರುತ್ತೇನೆ. ಚಹಾ ಇಡಬೇಡ. ಬಾಗಿಲಲ್ಲೇ ನಿಂತು ಓದುತ್ತೇನೆ, ನಿನ್ನ ಹೆಂಡತಿ ಮಕ್ಕಳೂ ಕೇಳಲಿ. ಪೂರ್ತಿ ಓದಲಾಗದಿದ್ದರೆ, ಮೊದಲ ಸಾಲಾದರೂ ಓದುತ್ತೇನೆ.

ಹಗ್ಗ ನೀ ಎಳೆದಿದ್ದಿ.